ಲೇಕಾಕ್: ಒಂದು ಕಿಟಕಿ ನೋಡಲು ಹೋಗಿದ್ದು

ನನ್ನ ಮಗಳು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದಾಳೆ. ಮೂರು ತಿಂಗಳು ಅವಳ ಮನೆಯಲ್ಲಿ ಇದ್ದು ಬರೋಣ ಅಂತ ನಾನೂ ನನ್ನ ಹೆಂಡತಿಯೂ ಹೋಗಿದ್ದೆವು. ಹೋದವರೆಲ್ಲ ನೋಡುವುದನ್ನು ನಾವೂ ನೋಡಿದೆವು. ಲಂಡನ್ನಿನ ಸೇತುವೆ, ಅರಮನೆ, ಸ್ಟೋನ್‌ಹೆಂಜ್, ಎಲ್ಲ. ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಬಿಡಿ. ನಾನಾಗಿ ಕೇಳಿಕೊಂಡಿದ್ದು ಒಂದೇ ಜಾಗ. "ಲೇಕಾಕ್‌ಗೆ ಒಂದು ದಿನ ಕರಕೊಂಡು ಹೋಗಮ್ಮ, ಬೇರೇನೂ ಬೇಡ" ಅಂದಿದ್ದೆ. ಅವಳು ಫೋನಿನಲ್ಲಿ ಹುಡುಕಿ, "ಅಪ್ಪಾ, ಅದೊಂದು ಹಳ್ಳಿ. ಪಕ್ಕದಲ್ಲಿ ಒಂದು ಹಳೇ ಬಂಗಲೆ. ಅಷ್ಟೇ ಇರೋದು" ಅಂದಳು. ಅಷ್ಟೇ ಅಂತ ನನಗೂ ಗೊತ್ತಿತ್ತು.

ಕಾರಣ ಮೊದಲೇ ಹೇಳಿಬಿಡುತ್ತೇನೆ. ಹೊಸಪೇಟೆಯಲ್ಲಿ ನಮ್ಮದು ಫೋಟೋ ಸ್ಟುಡಿಯೋ. ಅಪ್ಪ ಶುರು ಮಾಡಿದ್ದು, ಆಮೇಲೆ ನಾನು ನಡೆಸಿದ್ದು. ಡಿಜಿಟಲ್ ಬರುವ ತನಕ ನನ್ನ ಅರ್ಧ ಆಯುಷ್ಯ ಡಾರ್ಕ್ ರೂಮಿನ ಕೆಂಪು ದೀಪದ ಕೆಳಗೇ ಹೋಯಿತು. ಕೈಬೆರಳಿಗೆ ಹೈಪೋ, ಅಂದರೆ ಫೋಟೋ ತೊಳೆಯುವ ರಾಸಾಯನಿಕದ ವಾಸನೆ ಅಂಟಿಕೊಂಡು, ಊಟಕ್ಕೆ ಕೂತರೂ ಬಿಡುತ್ತಿರಲಿಲ್ಲ. ನೆಗೆಟಿವ್ ಎತ್ತಿ ಬೆಳಕಿಗೆ ಹಿಡಿದರೆ ಸಾಕು, ಬಿಳಿ ಕೂದಲು ಕಪ್ಪು ಮುಖದ ಆ ಭೂತಗಳನ್ನು ನೋಡಿಯೇ ಇದು ಯಾರ ಮನೆ ಮದುವೆ ಅಂತ ಹೇಳುತ್ತಿದ್ದೆವು. ಕ್ಯಾಮೆರಾದಲ್ಲಿ ತೆಗೆದು ಇವತ್ತಿಗೂ ಉಳಿದಿರುವ ನೆಗೆಟಿವ್‌ಗಳಲ್ಲಿ ಮೊದಲನೆಯದು ಹುಟ್ಟಿದ್ದು ಲೇಕಾಕ್‌ನಲ್ಲಿ, ಆ ಬಂಗಲೆಯ ಒಂದು ಕಿಟಕಿಯ ಎದುರು. ನೋಡಲೇಬೇಕು ಅಲ್ವಾ?

ಬೆಳಿಗ್ಗೆ, ಹೆದ್ದಾರಿಯಲ್ಲಿ

ಆಗಸ್ಟ್ ತಿಂಗಳ ಒಂದು ಶನಿವಾರ ಹೊರಟೆವು. ಅಳಿಯ ಗಾಡಿ ಓಡಿಸಿದರು. ರೈಲಿನಲ್ಲೂ ಹೋಗಬಹುದು, ಚಿಪ್ಪನ್‌ಹ್ಯಾಮ್‌ನಲ್ಲಿ ಇಳಿದು ಬಸ್ಸು ಹಿಡಿಯಬೇಕು. ಆದರೆ ಏಳು ವರ್ಷದ ಮೊಮ್ಮಗ, ಮಂಡಿ ನೋವಿನ ನನ್ನ ಹೆಂಡತಿ, ಬುತ್ತಿಯ ಚೀಲ, ಇಷ್ಟನ್ನು ಕಟ್ಟಿಕೊಂಡು ಬಸ್ಸಿಗೆ ಕಾಯುವುದು ಬೇಡ ಅನ್ನಿಸಿತು. ಎಂ4 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋಗಿ 17ನೇ ಜಂಕ್ಷನ್‌ನಲ್ಲಿ ಇಳಿದರೆ ಚಿಪ್ಪನ್‌ಹ್ಯಾಮ್. ಅಲ್ಲಿಂದ ದಕ್ಷಿಣಕ್ಕೆ ಮೂರು ಮೈಲಿ.

ನಡುವೆ ಮೆಂಬರಿ ಅನ್ನುವ ಕಡೆ ಕಾಲು ಆಡಿಸಲು ನಿಲ್ಲಿಸಿದೆವು. ಅಲ್ಲಿ ನಾನೊಂದು ಘನಂದಾರಿ ಕೆಲಸ ಮಾಡಿದೆ. ಊರಿನಿಂದ ಹಳೇ ನಿಕಾನ್ ಎಫ್‌ಎಂ2 ತಂದಿದ್ದೆ, ಫಿಲ್ಮ್ ಹಾಕುವ ಕ್ಯಾಮೆರಾ. ನೆಗೆಟಿವ್ ಹುಟ್ಟಿದ ಮನೆಗೆ ಮೊಬೈಲ್ ಹಿಡಿದುಕೊಂಡು ಹೋಗುವುದು ಸರಿ ಕಾಣಲಿಲ್ಲ. ಅಳಿಯ ಎಲ್ಲಿಂದಲೋ ಒಂದು ಕಪ್ಪು-ಬಿಳುಪು ರೋಲ್ ತರಿಸಿಕೊಟ್ಟಿದ್ದರು. ಮೂವತ್ತಾರು ಫೋಟೋದ್ದು. ಬೆಲೆ ಕೇಳಬೇಡಿ ಮಾವ ಅಂದರು, ನಾನು ಕೇಳಲಿಲ್ಲ. ಮೊಮ್ಮಗ "ತಾತಾ ನಾನು ಹಾಕ್ತೀನಿ, ನಾನು ಹಾಕ್ತೀನಿ" ಅಂತ ಮೈಮೇಲೆ ಬೀಳುತ್ತಿರುವಾಗ, ಕಾರಿನ ಬಾನೆಟ್ ಮೇಲೆ ಇಟ್ಟುಕೊಂಡು ರೋಲ್ ಹಾಕಿದೆ. ಕಣ್ಣು ಮುಚ್ಚಿ ಹತ್ತು ಸಾವಿರ ಸಲ ಮಾಡಿದ ಕೆಲಸ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ದಾರಿಯುದ್ದಕ್ಕೂ ಕೊಯ್ಲು ಮುಗಿದ ಗೋಧಿ ಹೊಲ. ಹುಲ್ಲನ್ನು ದೊಡ್ಡ ದೊಡ್ಡ ಉರುಳೆ ಸುತ್ತಿ ಅಲ್ಲಲ್ಲೇ ಬಿಟ್ಟಿದ್ದರು. ನನ್ನ ಹೆಂಡತಿ, "ಬಣವೆ ಒಟ್ಟೋಕೆ ಆಳು ಸಿಗಲ್ಲ ಅನಿಸುತ್ತೆ ಪಾಪ" ಅಂದಳು. ಬಿಸಿಲು ಇತ್ತು, ಹತ್ತು ನಿಮಿಷಕ್ಕೆ ಮಳೆ, ಮತ್ತೆ ಬಿಸಿಲು. ಆ ದಿನ ಒಟ್ಟು ನಾಲ್ಕು ಸಲ ಮಳೆ ಬಂತು, ಒಂದೂ ನಮ್ಮ ಕಡೆಯ ಮಳೆಯ ಹಾಗೆ ಮನಸ್ಸಿಟ್ಟು ಬರಲಿಲ್ಲ.

ನಾಲ್ಕು ಬೀದಿಯ ಊರು

ಕಾರನ್ನು ಊರ ಹೊರಗೇ ನಿಲ್ಲಿಸಿ ನಡೆದು ಹೋಗಬೇಕು. ಊರು ಸುತ್ತಲು ದುಡ್ಡಿಲ್ಲ, ಬಂಗಲೆಗೆ ಮಾತ್ರ ಟಿಕೆಟ್. ಊರು, ಬಂಗಲೆ ಎರಡೂ ಈಗ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯದ್ದು. ಅಳಿಯ ಅದರ ಸದಸ್ಯರು, ಹಾಗಾಗಿ ಕಾರ್ಡ್ ತೋರಿಸಿ ಮುಗಿಸಿದರು. ವರ್ಷಕ್ಕೆ ಇಂಥ ನಾಲ್ಕಾರು ಜಾಗ ನೋಡುವ ಅಂದಾಜಿದ್ದರೆ ಸದಸ್ಯತ್ವವೇ ಅಗ್ಗ ಅಂತ ಅವರ ಲೆಕ್ಕ.

ಇರುವುದು ನಾಲ್ಕು ಬೀದಿ, ಚೌಕದ ಹಾಗೆ. ಒಂದು ಸುತ್ತು ಹಾಕಲು ಹದಿನೈದು ನಿಮಿಷ ಸಾಕು, ನಮಗೆ ಎರಡು ತಾಸು ಹಿಡಿಯಿತು. ಮನೆಗಳು ಒಂದಕ್ಕೊಂದು ಆತುಕೊಂಡು ನಿಂತಿವೆ. ಕೆಲವು ಪೂರ್ತಿ ಕಲ್ಲಿನವು, ಕೆಲವಕ್ಕೆ ಕಪ್ಪು ಮರದ ತೊಲೆಗಳ ಚೌಕಟ್ಟು, ನಡುವೆ ಸುಣ್ಣದ ಗೋಡೆ. ಛಾವಣಿಗೆ ಹೆಂಚಿನ ಬದಲು ತೆಳ್ಳಗಿನ ಕಲ್ಲಿನ ಬಿಲ್ಲೆ ಹೊದಿಸಿದ್ದಾರೆ, ಆ ಭಾರಕ್ಕೆ ಸೂರು ಮುದಿ ಎತ್ತಿನ ಬೆನ್ನಿನ ಹಾಗೆ ಜಗ್ಗಿದೆ. ಒಂದು ಮನೆಯ ಮೇಲಂತಸ್ತು ಬೀದಿಗೆ ಎಷ್ಟು ಬಾಗಿತ್ತು ಅಂದರೆ ನನ್ನ ಹೆಂಡತಿ ಅದರ ಕೆಳಗೆ ಹೋಗಲು ಒಪ್ಪಲೇ ಇಲ್ಲ, ರಸ್ತೆಯ ಆಚೆ ಬದಿ ಹಿಡಿದು ನಡೆದಳು. ಅದು ಐನೂರು ವರ್ಷದಿಂದ ಹಾಗೇ ನಿಂತಿದೆ ಅಂದರೆ, "ಇವತ್ತೇ ಬಿದ್ದರೆ?" ಅಂದಳು. ಉತ್ತರ ಇಲ್ಲ.

ನನ್ನ ಕಣ್ಣಿಗೆ ಬಿದ್ದಿದ್ದು ಬೇರೆ. ಎಲ್ಲಿ ನಿಂತು ಫ್ರೇಮ್ ಕಟ್ಟಿದರೂ ಒಂದು ಕರೆಂಟ್ ವೈರ್ ಅಡ್ಡ ಬರಲಿಲ್ಲ! ಕಂಬ ಇಲ್ಲ, ಟಿವಿ ಆಂಟೆನಾ ಇಲ್ಲ, ಡಿಶ್ ಇಲ್ಲ, ರಸ್ತೆಯ ಅಂಚಿಗೆ ಹಳದಿ ಪಟ್ಟಿ ಕೂಡ ಬಳಿದಿಲ್ಲ. ವೈರ್ ತಪ್ಪಿಸಲು ಮಂಡಿ ಊರಿ, ಮಲಗಿ, ಗೋಡೆ ಹತ್ತಿ ಫೋಟೋ ತೆಗೆದವನಿಗೆ ಇದು ಎಂಥ ಸುಖ ಅಂತ ಹೇಗೆ ಹೇಳಲಿ. ಆದರೆ ಕಾರುಗಳು! ಊರಿನವರ ಕಾರು ಪ್ರತಿ ಬಾಗಿಲ ಮುಂದೂ ನಿಂತಿರುತ್ತವೆ. ಕಾರಿಲ್ಲದ ಬೀದಿ ಬೇಕಾದರೆ ಸಿನಿಮಾದವರ ಹಾಗೆ ಎಲ್ಲವನ್ನೂ ಎತ್ತಿಸಬೇಕು. ಸಿನಿಮಾದವರು ಇಲ್ಲಿಗೆ ಬರುತ್ತಲೇ ಇರುತ್ತಾರಂತೆ. ಹ್ಯಾರಿ ಪಾಟರ್ ಸಿನಿಮಾದ ಭಾಗಗಳನ್ನು ಇಲ್ಲಿ ತೆಗೆದಿದ್ದಾರೆ ಎಂದು ಗೊತ್ತಾದ ಮೇಲೆ ಮೊಮ್ಮಗನಿಗೆ ಈ ಪ್ರವಾಸ ತನ್ನದೇ ಅನ್ನಿಸಿತು. ಅಲ್ಲಿವರೆಗೆ "ಮನೆಗೆ ಯಾವಾಗ" ಅಂತಿದ್ದ.

ಒಂದು ಮನೆಯ ಹೊಸ್ತಿಲ ಪಕ್ಕ ಸಣ್ಣ ಮೇಜಿನ ಮೇಲೆ ಪ್ಲಮ್ ಹಣ್ಣಿನ ಜಾಮ್ ಬಾಟಲಿ ಜೋಡಿಸಿಟ್ಟು, ದುಡ್ಡು ಹಾಕಲು ಒಂದು ತಗಡಿನ ಡಬ್ಬಿ ಇಟ್ಟಿದ್ದರು. ಮಾರುವವರು ಯಾರೂ ಇಲ್ಲ. ಹೆಂಡತಿ ಎರಡು ಬಾಟಲಿ ಎತ್ತಿಕೊಂಡು, ಡಬ್ಬಿಗೆ ನಾಣ್ಯ ಹಾಕಿ, ಯಾರಾದರೂ ನೋಡಿದರಾ ಅಂತ ಆ ಕಡೆ ಈ ಕಡೆ ತಿರುಗಿದಳು. ಕದಿಯುವವರು ನೋಡುವ ಹಾಗೆ. "ದುಡ್ಡು ಹಾಕಿದ್ದು ಯಾರಾದರೂ ನೋಡಲಿ ಅಂತ ರೀ" ಅಂದಳು. ನೋಟು ಹಾಕಿದರೆ ಚಿಲ್ಲರೆ ಕೊಡುವವರಿಲ್ಲ, ನಾಣ್ಯ ಇಟ್ಟುಕೊಂಡು ಹೋಗಿ.

ಪಕ್ಕದ ಮನೆಯ ಮುಂದೆ ಒಬ್ಬ ಅಜ್ಜ ಕುಂಡದ ಗಿಡದ ಒಣ ಹೂ ಕೀಳುತ್ತಿದ್ದರು. ನನ್ನ ಕುತ್ತಿಗೆಯಲ್ಲಿದ್ದ ನಿಕಾನ್ ನೋಡಿ, "ಇನ್ನೂ ಫಿಲ್ಮಾ?" ಅಂತ ಅವರೇ ಮಾತು ತೆಗೆದರು. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ, ಅವರದು ಆ ವಿಲ್ಟ್‌ಷೈರ್ ಸೀಮೆಯ ಉಚ್ಚಾರ, ಮಗಳು ನಡುವೆ ನಿಂತಳು. ಮನೆ ಅವರದಲ್ಲವಂತೆ. ಇಲ್ಲಿ ಹೆಚ್ಚಿನ ಮನೆಗಳು ಟ್ರಸ್ಟಿನವು, ಇವರೆಲ್ಲ ಬಾಡಿಗೆದಾರರು. ಬಾಗಿಲಿಗೆ ಮನಸ್ಸಿಗೆ ಬಂದ ಬಣ್ಣ ಹಚ್ಚುವ ಹಾಗಿಲ್ಲ. ಬೇಸಿಗೆಯಲ್ಲಿ ಜನ ಕಿಟಕಿಗೆ ಮೂಗು ಒತ್ತಿ ಒಳಗೆ ನೋಡುತ್ತಾರೆ. "ಒಂದು ದಿನ ನಾನು ತಿಂಡಿ ತಿನ್ನುತ್ತಿರುವಾಗ ಒಬ್ಬ ಬಾಗಿಲು ತೆಗೆದು ಒಳಗೇ ಬಂದ, ಮ್ಯೂಸಿಯಂ ಅಂದುಕೊಂಡು" ಅಂತ ನಕ್ಕರು. ಬೇಜಾರಾಗಲ್ವಾ ಅಂತ ಕೇಳಿಸಿದೆ. ಚಳಿಗಾಲದಲ್ಲಿ ಊರು ಮತ್ತೆ ನಮಗೇ ಸಿಗುತ್ತದೆ ಅಂದರು.

ನನಗೆ ಹಂಪಿ ಬಜಾರ ನೆನಪಾಯಿತು. ವಿರೂಪಾಕ್ಷ ಗುಡಿಯ ಮುಂದಿನ ಕಲ್ಲಿನ ಸಾಲು ಮಂಟಪಗಳಲ್ಲಿ ಮನೆ, ಅಂಗಡಿ, ಹೋಟೆಲು ಇದ್ದವಲ್ಲ, 2011ರ ಜುಲೈನಲ್ಲಿ ಒಂದು ರಾತ್ರಿ ಹೇಳಿ ಮರುದಿನ ಬುಲ್ಡೋಜರ್ ತಂದರು. ಅಪ್ಪನ ಗೆಳೆಯರೊಬ್ಬರದು ಅಲ್ಲಿ ಸಣ್ಣ ಅಂಗಡಿ ಇತ್ತು, ನಾವು ತೆಗೆದ ಹಂಪಿ ಫೋಟೋಗಳನ್ನು ಫ್ರೇಮ್ ಹಾಕಿ ಮಾರುತ್ತಿದ್ದರು. ಸ್ಮಾರಕ ಉಳಿಸಬೇಕು, ನಿಜ. ಮಂಟಪಕ್ಕೆ ಸಿಮೆಂಟ್ ಮೆತ್ತಿದ್ದೂ ನಿಜ. ಆದರೆ ಜನ ಇದ್ದುಕೊಂಡೇ ಊರನ್ನು ಹಳೆಯದಾಗಿ ಇಟ್ಟುಕೊಳ್ಳುವುದಕ್ಕೂ ಒಂದು ದಾರಿ ಇರುತ್ತದೆ, ಅದು ಈ ಅಜ್ಜನ ಬಣ್ಣ ಬದಲಿಸಲಾಗದ ಬಾಗಿಲು. ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳುತ್ತಿದ್ದರು ಅಂತ ಆ ಗೆಳೆಯರನ್ನು ಕೇಳಬಹುದಿತ್ತು. ಈಗ ಅವರಿಲ್ಲ.

ಮುಂದೆ ಹದಿನಾಲ್ಕನೇ ಶತಮಾನದ ಒಂದು ಕಣಜ ಇದೆ. ರೈತರು ಬೆಳೆಯ ಹತ್ತನೇ ಒಂದು ಪಾಲನ್ನು ಮಠಕ್ಕೆ ತಂದು ಸುರಿಯುತ್ತಿದ್ದ ಜಾಗ. ಒಳಗೆ ತಲೆ ಎತ್ತಿದರೆ ಹಡಗನ್ನು ಬೋರಲು ಹಾಕಿದ ಹಾಗೆ ಮರದ ಛಾವಣಿ. ಅದಕ್ಕೆ ಅಂಟಿಕೊಂಡು ಒಂದು ಪುಟ್ಟ ಕಲ್ಲಿನ ಗೂಡು, ಕುಡಿದು ಗಲಾಟೆ ಮಾಡಿದವರನ್ನು ರಾತ್ರಿ ಕೂಡಿ ಹಾಕುತ್ತಿದ್ದ ಲಾಕಪ್. ಮೊಮ್ಮಗ ಒಳಗೆ ಹೋಗಿ "ತಾತಾ ನಾನು ಕುಡಿದಿದ್ದೀನಿ" ಅಂತ ಕೂಗಿದ, ಅದೂ ಇಂಗ್ಲಿಷಿನಲ್ಲಿ, ಸುತ್ತ ನಾಲ್ಕು ಜನ ಇರುವಾಗ. ಅಲ್ಲಿಂದ ಸ್ವಲ್ಪ ಕೆಳಗೆ ಒಂದು ಹಳ್ಳ ರಸ್ತೆಗೆ ಅಡ್ಡ ಹರಿಯುತ್ತದೆ. ಗಾಡಿಗಳು ನೀರಿನಲ್ಲೇ ದಾಟಬೇಕು, ನಡೆಯುವವರಿಗೆ ಪಕ್ಕದಲ್ಲಿ ಕಿರಿದಾದ ಕಲ್ಲು ಸೇತುವೆ. ಹುಡುಗ ಸೇತುವೆ ಬಿಟ್ಟು ಶೂ ಸಮೇತ ನೀರಿಗಿಳಿದ. ಮಕ್ಕಳನ್ನು ಕರೆದೊಯ್ಯುವವರು ಇನ್ನೊಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ನಾವು ಇಟ್ಟುಕೊಂಡಿರಲಿಲ್ಲ. ಉಳಿದ ದಿನವೆಲ್ಲ ಅವನ ಶೂ ಪಚಕ್ ಪಚಕ್ ಅಂತಿತ್ತು.

ಚರ್ಚಿನ ಒಳಗೆ ಹೋಗಲಾಗಲಿಲ್ಲ, ಮದುವೆ ನಡೆಯುತ್ತಿತ್ತು. ನನಗೆ ನಷ್ಟ ಅನ್ನಿಸಲಿಲ್ಲ. ಹೊರಗೆ ಫೋಟೋಗ್ರಾಫರ್ ಹುಡುಗಿ ಒಬ್ಬಳು ಎರಡು ಹೆಗಲಿಗೂ ಕ್ಯಾಮೆರಾ ನೇತು ಹಾಕಿಕೊಂಡು ಮೋಡವನ್ನೇ ನೋಡುತ್ತಾ ನಿಂತಿದ್ದಳು. ಮದುಮಕ್ಕಳು ಹೊರಗೆ ಬರುವುದಕ್ಕೂ ಮಳೆ ಹನಿಯುವುದಕ್ಕೂ ಸರಿಹೋಯಿತು. ಎಲ್ಲರೂ ಬಾಗಿಲ ಕಮಾನಿನ ಕೆಳಗೆ ನುಗ್ಗಿದರು. ಅವಳು ಮಾತ್ರ ನೆನೆಯುತ್ತಾ ಹೊರಗೇ ನಿಂತು, ಆ ನೂಕುನುಗ್ಗಲಿನಲ್ಲಿ ಮದುಮಗಳ ಅಜ್ಜಿ ಮೊಮ್ಮಗಳ ಸೆರಗು, ಅದೇ ಆ ಉದ್ದ ಬಿಳಿ ಬಟ್ಟೆ, ಕೈಗೆ ಸುತ್ತಿಕೊಳ್ಳುತ್ತಿರುವುದನ್ನು ತೆಗೆದಳು. ಸರಿಯಾದ ಫೋಟೋ ಅದು. ನಾನು ಹೆಬ್ಬೆರಳು ಎತ್ತಿ ತೋರಿಸಿದೆ, ಅವಳು ನನ್ನ ನಿಕಾನ್ ನೋಡಿ ನಕ್ಕಳು.

ಬುತ್ತಿ

ಮಳೆ ನಿಂತ ಮೇಲೆ ಬೆಂಚು ಒರೆಸಿಕೊಂಡು ಕೂತೆವು. ಚಪಾತಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿಪುಡಿ, ಮೊಸರನ್ನ. ಚಟ್ನಿಪುಡಿ ಬಿಚ್ಚಿದ್ದೇ ತಡ, ಕಡಜದ ಹುಳಗಳು ಬಂದವು. ಆಗಸ್ಟಿನಲ್ಲಿ ಅಲ್ಲಿ ಹೊರಗೆ ಕೂತು ತಿನ್ನುವವರ ಜೊತೆ ಅವೂ ಪಂಕ್ತಿಯಲ್ಲಿ ಕೂರುತ್ತವೆ. ಓಡಿಸಬೇಡಿ, ಓಡಿಸಿದರೆ ಸಿಟ್ಟಿಗೇಳುತ್ತವೆ ಅಂತ ಅಳಿಯ ಹೇಳುತ್ತಿರುವಾಗಲೇ ನನ್ನ ಹೆಂಡತಿ ಜಾಮ್ ಬಾಟಲಿಯ ಚೀಲದಿಂದ ಒಂದನ್ನು ಹೊಡೆದಳು. ಕಚ್ಚಲಿಲ್ಲ ಪುಣ್ಯ.

ಬಂಗಲೆ

ಇದನ್ನು ಈಗಲೂ ಲೇಕಾಕ್ ಆ್ಯಬಿ ಅಂತಲೇ ಕರೆಯುತ್ತಾರೆ. ಆ್ಯಬಿ ಅಂದರೆ ಮಠ. ಸಾಲ್ಸ್‌ಬರಿಯ ಕೌಂಟೆಸ್ ಆಗಿದ್ದ ಎಲಾ ಎಂಬಾಕೆ ಗಂಡ ತೀರಿಕೊಂಡ ಮೇಲೆ 1232ರಲ್ಲಿ ಸನ್ಯಾಸಿನಿಯರಿಗಾಗಿ ಕಟ್ಟಿಸಿ, ಕೊನೆಗೆ ತಾನೂ ಅಲ್ಲೇ ಸೇರಿ ಮಠದ ಹಿರಿಯಳಾದಳು. ಮುನ್ನೂರು ವರ್ಷ ನಡೆಯಿತು. ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿದಾಗ, 1539ರಲ್ಲಿ ಇದೂ ಮುಚ್ಚಿತು. ವಿಲಿಯಂ ಶಾರಿಂಗ್ಟನ್ ಅನ್ನುವವನು 783 ಪೌಂಡಿಗೆ ಕೊಂಡುಕೊಂಡು ಚರ್ಚ್ ಭಾಗ ಒಡೆಸಿ, ಉಳಿದದ್ದನ್ನು ಮನೆ ಮಾಡಿಕೊಂಡ. ಹೀಗಾಗಿ ಇದು ಮೇಲೆ ಬಂಗಲೆ, ಕೆಳಗೆ ಮಠ. ಆ ಶಾರಿಂಗ್ಟನ್ ಭಾರೀ ಆಸಾಮಿ. ಬ್ರಿಸ್ಟಲ್ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದು ನಾಣ್ಯದಲ್ಲೇ ಕೈಚಳಕ ತೋರಿಸಿ ಸಿಕ್ಕಿಬಿದ್ದ, ಆಸ್ತಿ ಹೋಯಿತು, ಕ್ಷಮೆ ಸಿಕ್ಕಿತು, ದುಡ್ಡು ಕಟ್ಟಿ ಆಸ್ತಿ ವಾಪಸ್ ಪಡೆದ. ಎಲ್ಲ ಕಾಲದಲ್ಲೂ ಇಂಥವರು ಇರುತ್ತಾರೆ.

ಕೆಳಗೆ ಅಂಗಳದ ಸುತ್ತ ಕಲ್ಲಿನ ಕಮಾನಿನ ಪಡಸಾಲೆ. ಬೆಳಕು ಒಂದೇ ಪಕ್ಕದಿಂದ ಬೀಳುತ್ತದೆ. ಅಲ್ಲಿ ಇಪ್ಪತ್ತು ಫ್ರೇಮ್ ಹೊಡೆದೆ. ಒಳಗೆ ಒಂದು ಕೋಣೆ, ಚಳಿಯಲ್ಲಿ ಸನ್ಯಾಸಿನಿಯರು ಬೆಂಕಿ ಕಾಯಿಸಿಕೊಳ್ಳುತ್ತಿದ್ದ ಜಾಗ. ಅಲ್ಲೀಗ ದೊಡ್ಡದೊಂದು ಕೊಪ್ಪರಿಗೆ ಇಟ್ಟಿದ್ದಾರೆ. 1500ರಲ್ಲಿ ಬೆಲ್ಜಿಯಂ ಕಡೆ ಎರಕ ಹೊಯ್ದದ್ದು. ಹ್ಯಾರಿ ಪಾಟರ್‌ನ ಪಾಠದ ಕೋಣೆ ಇದೇ ಅಂತ ಮೊಮ್ಮಗ ಕುಣಿದ. ನನ್ನ ಹೆಂಡತಿ ಕೊಪ್ಪರಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಗ್ಗಿ ತಳ ನೋಡಿ, "ದಾಸೋಹಕ್ಕೆ ಸಾರು ಮಾಡಿದರೆ ಐನೂರು ಜನಕ್ಕೆ ಮೋಸ ಇಲ್ಲ" ಅಂತ ತೀರ್ಪು ಕೊಟ್ಟಳು. ಕಾವಲಿಗಿದ್ದ ಸ್ವಯಂಸೇವಕರು ಏನಂದರು ಅಂತ ಕೇಳಿದರು. ಮಗಳು ಅನುವಾದ ಮಾಡಿದಳು, ಅವರು ಎಲ್ಲಿಯೋ ಬರೆದುಕೊಂಡರು!

ಹೊರಗೆ ಬಂದರೆ ಗೋಪುರದ ಕೆಳಗೆ ಅಳಿಯ ಇನ್ನೊಂದು ಕಥೆ ಹೇಳಿದರು. ಶಾರಿಂಗ್ಟನ್ ಮನೆತನದ ಆಲಿವ್ ಎಂಬ ಹುಡುಗಿಗೆ ಜಾನ್ ಟಾಲ್ಬಟ್ ಮೇಲೆ ಮನಸ್ಸು. ಅಪ್ಪ ಒಪ್ಪಲಿಲ್ಲ. ಒಂದು ರಾತ್ರಿ ಮೇಲಿನಿಂದ ಮಾತಾಡುತ್ತಾ ಇದ್ದವಳು, ನಿನ್ನ ಹತ್ತಿರಕ್ಕೇ ಹಾರುತ್ತೀನಿ ಅಂತ ಹಾರೇ ಬಿಟ್ಟಳಂತೆ. ಲಂಗಕ್ಕೆ ಗಾಳಿ ತುಂಬಿ ಅವಳಿಗೆ ಏನೂ ಆಗಲಿಲ್ಲ, ಕೆಳಗೆ ಹಿಡಿಯಲು ಹೋದವನು ಸತ್ತೇ ಹೋದ ಹಾಗೆ ಬಿದ್ದ. ಹಾರಿದ ಮೇಲೆ ಇನ್ನೇನು, ಮದುವೆ ಮಾಡಿಕೊಳ್ಳಿ ಅಂದರಂತೆ ಅಪ್ಪ. ಹಾಗೆ ಆಸ್ತಿ ಟಾಲ್ಬಟ್‌ರ ಕೈಗೆ ಬಂತು. "ನಾನು ಅಷ್ಟು ಕಷ್ಟ ಕೊಡಲಿಲ್ಲ ಅಪ್ಪಾ" ಅಂದಳು ಮಗಳು. ನಿಜ, ಬರೀ ಮೂರು ದಿನ ಊಟ ಬಿಟ್ಟಿದ್ದಳು.

ಮನೆಯ ಮೇಲಿನ ಕೋಣೆಗಳು ತೆರೆಯುವ ಹೊತ್ತು ಬೇರೆ, ತೋಟ ಮತ್ತು ಪಡಸಾಲೆಯ ಹೊತ್ತು ಬೇರೆ. ಕೋಣೆಗಳನ್ನು ಬೇಗ ಮುಚ್ಚುತ್ತಾರೆ, ನೋಡಿಕೊಂಡು ಹೋಗಿ. ಹಾಲ್‌ನಲ್ಲಿ ಗೋಡೆಯ ಗೂಡುಗಳ ತುಂಬ ಸುಟ್ಟ ಮಣ್ಣಿನ ಗೊಂಬೆಗಳು. ಒಂದು ಆಡಿನ ಮೂಗಿನ ಮೇಲೆ ಸಕ್ಕರೆ ಉಂಡೆ ಕೂತಿದೆ. ನೂರು ವರ್ಷದ ಹಿಂದೆ ಯಾರೋ ಕಾಲೇಜು ಹುಡುಗ ಇಟ್ಟಿದ್ದಂತೆ. ಇರುವೆ ಬರಲ್ವಾ ಅಂತ ಹೆಂಡತಿಯ ಪ್ರಶ್ನೆ.

ಕಿಟಕಿ

ಅದು ಸೌತ್ ಗ್ಯಾಲರಿ ಎಂಬ ಉದ್ದನೆಯ ಕೋಣೆಯಲ್ಲಿದೆ. ಗೋಡೆಯಿಂದ ಹೊರಕ್ಕೆ ಚಾಚಿಕೊಂಡ ಕಿಟಕಿ. ಸೀಸದ ಪಟ್ಟಿಯಲ್ಲಿ ಕೂರಿಸಿದ ಪುಟ್ಟ ಪುಟ್ಟ ಗಾಜು. ಅದರಾಚೆ ಹುಲ್ಲು, ಮರ. ಬೇರೆ ಏನೂ ಇಲ್ಲ. ಜನ ಒಂದು ನೋಟ ಹಾಕಿ ಮುಂದೆ ಹೋಗುತ್ತಿದ್ದರು.

ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಈ ಮನೆಯ ಯಜಮಾನ. 1833ರಲ್ಲಿ ಹೆಂಡತಿಯ ಜೊತೆ ಇಟಲಿಯ ಕೋಮೋ ಸರೋವರಕ್ಕೆ ಹೋಗಿದ್ದರು. ಆಕೆ ಚೆನ್ನಾಗಿ ಚಿತ್ರ ಬರೆಯುತ್ತಿದ್ದರು, ಇವರಿಗೆ ಬರುತ್ತಿರಲಿಲ್ಲ. ಬೆಳಕೇ ಕಾಗದದ ಮೇಲೆ ಬರೆದುಕೊಂಡು ಕೂತುಬಿಟ್ಟರೆ ಎಷ್ಟು ಚೆಂದ ಅನ್ನಿಸಿತಂತೆ. ಕೈಲಾಗದವನ ಹೊಟ್ಟೆಕಿಚ್ಚಿನಿಂದ ನಮ್ಮ ಕಸುಬು ಹುಟ್ಟಿತು ಅನ್ನಿ. ಮನೆಗೆ ಬಂದು ಕಾಗದವನ್ನು ಉಪ್ಪುನೀರಿನಲ್ಲಿ ಅದ್ದಿ, ಒಣಗಿಸಿ, ಮೇಲೆ ಸಿಲ್ವರ್ ನೈಟ್ರೇಟ್ ಬಳಿದು, ಅಂಗೈಯಗಲದ ಮರದ ಪೆಟ್ಟಿಗೆಗಳಲ್ಲಿ ಇಟ್ಟು ಮನೆಯ ಸುತ್ತ ಅಲ್ಲಲ್ಲಿ ಬಿಟ್ಟು ಬರುತ್ತಿದ್ದರು. ಹೆಂಡತಿ ಅವಕ್ಕೆ ಇಲಿ ಬೋನು ಅಂತ ಹೆಸರಿಟ್ಟಿದ್ದರು. 1835ರ ಆಗಸ್ಟಿನಲ್ಲಿ ಒಂದು ಬೋನಿಗೆ ಈ ಕಿಟಕಿ ಬಿತ್ತು. ಕ್ಯಾಮೆರಾದಲ್ಲಿ ತೆಗೆದು ಈಗ ಉಳಿದಿರುವ ನೆಗೆಟಿವ್‌ಗಳಲ್ಲಿ ಎಲ್ಲಕ್ಕಿಂತ ಹಳೆಯದು ಅದೇ. ಅಸಲಿ ಇಲ್ಲಿಲ್ಲ, ಸೈನ್ಸ್ ಮ್ಯೂಸಿಯಂನವರ ಸಂಗ್ರಹದಲ್ಲಿದೆ. ಇಲ್ಲಿರುವುದು ನಕಲು.

ಅಂಚೆ ಚೀಟಿಯಷ್ಟೇ. ಪಾಸ್‌ಪೋರ್ಟ್ ಸೈಜಿಗಿಂತ ಚಿಕ್ಕದು! ಹೊಳೆಯುವ ಗಾಜುಗಳೆಲ್ಲ ಕಪ್ಪಾಗಿ, ಸೀಸದ ಪಟ್ಟಿಗಳು ಬೆಳ್ಳಗೆ ಬಲೆಯ ಹಾಗೆ. ಅದರ ಪಕ್ಕ ಟಾಲ್ಬಟ್ ಕೈಯಾರೆ ಬರೆದಿಟ್ಟಿದ್ದಾರೆ: ಮೊದಲು ತೆಗೆದಾಗ ಸುಮಾರು 200 ಗಾಜಿನ ಚೌಕಗಳನ್ನು ಮಸೂರ ಹಿಡಿದು ಎಣಿಸಬಹುದಿತ್ತು ಅಂತ. ನನಗೆ ಆ ಮಾತು ಓದಿ ನಗು ಬಂತು, ಗಂಟಲೂ ಕಟ್ಟಿತು. ಅಪ್ಪನೂ ಹಾಗೇ. ನೆಗೆಟಿವ್ ದೊಡ್ಡದು ಮಾಡಿ ತೋರಿಸುವ ಎನ್ಲಾರ್ಜರ್ ಕೆಳಗೆ ಗ್ರೂಪ್ ಫೋಟೋ ಇಟ್ಟು, ಹಿಂದಿನ ಸಾಲಿನ ಹುಡುಗನ ಅಂಗಿ ಗುಂಡಿ ಎಣಿಸಿ ತೋರಿಸುತ್ತಿದ್ದ. ಫೋಕಸ್ ಹೇಗೆ ಕೂತಿದೆ ನೋಡು ಅಂತ.

ನಾನೂ ಮೊಮ್ಮಗನೂ ಕಿಟಕಿಯ ಗಾಜು ಎಣಿಸಲು ಶುರು ಮಾಡಿದೆವು. ಮೂರು ಸಲ ತಪ್ಪಿತು. ಅಲ್ಲಿದ್ದ ಸ್ವಯಂಸೇವಕಿ, ಎಪ್ಪತ್ತು ದಾಟಿದ ಹೆಂಗಸು, ಎಲ್ಲಿಂದ ಬಂದಿರಿ ಅಂತ ಮಾತಾಡಿಸಿದರು. ಹಂಪಿ ಪಕ್ಕದ ಊರು ಅಂದೆ. ಗೊತ್ತಿರಲಿಲ್ಲ. ಆಗ ನನಗೆ ಗೊತ್ತಿದ್ದ ಕಥೆ ನಾನು ಹೇಳಿದೆ, ಮಗಳನ್ನು ನಡುವೆ ಕೂರಿಸದೆ, ನನ್ನ ಹರಕು ಇಂಗ್ಲಿಷಿನಲ್ಲೇ.

ಟಾಲ್ಬಟ್ 1841ರಲ್ಲಿ ಇದನ್ನೇ ಸುಧಾರಿಸಿದ ಕಾಗದದ ನೆಗೆಟಿವ್‌ಗೆ ಪೇಟೆಂಟ್ ಪಡೆದರು. ಒಂದು ನೆಗೆಟಿವ್‌ನಿಂದ ಎಷ್ಟು ಬೇಕಾದರೂ ಪ್ರಿಂಟ್, ಅದೇ ಅದರ ಗಮ್ಮತ್ತು. ಅದೇ ಕಾಲದಲ್ಲಿ ಪ್ಯಾರಿಸ್‌ನ ಡಗೇರ್ ಎಂಬಾತ ಫೋಟೋ ಮಾಡಿದ್ದು ತಗಡಿನ ಮೇಲೆ, ಒಂದಕ್ಕೆ ಒಂದೇ. 1856ರಲ್ಲಿ ಗ್ರೀನ್‌ಲಾ ಎಂಬ ಸೈನ್ಯದ ಅಧಿಕಾರಿ, ಟಾಲ್ಬಟ್‌ರ ದಾರಿಯನ್ನೇ ತಿದ್ದಿ ಬೆಳೆಸಿದ ಮೇಣದ ಕಾಗದದ ವಿಧಾನದಲ್ಲಿ, ಗೋಡೆ ಕ್ಯಾಲೆಂಡರಿನಷ್ಟು ದೊಡ್ಡ ನೆಗೆಟಿವ್‌ಗಳಲ್ಲಿ ಹಂಪಿಯನ್ನು ತೆಗೆದ. ಈ ಕಿಟಕಿಯ ನೆಗೆಟಿವ್‌ಗೆ ಆಗಿನ್ನೂ ಇಪ್ಪತ್ತೊಂದು ವರ್ಷ. ಆ ಫೋಟೋದಲ್ಲಿ ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರ ಇದೆ. ಈಗಿಲ್ಲ. ಐವತ್ತು ರೂಪಾಯಿ ನೋಟಿನ ಹಿಂದೆ ಇರುವುದು ಗೋಪುರ ಹೋದ ರಥ. ಹುಟ್ಟಿದಾಗಿನಿಂದ ಆ ರಥ ನೋಡಿದ ನನಗೆ ಅದರ ತಲೆ ಮೇಲೆ ಏನಿತ್ತು ಅಂತ ಗೊತ್ತಾಗಿದ್ದು ಒಂದು ಹಳೇ ನೆಗೆಟಿವ್‌ನಿಂದ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕಿಟಕಿಯ ಎದುರಿನ ಬೆಂಕಿಗೂಡಿನ ಅಟ್ಟ ತೋರಿಸಿ, "ಬೋನು ಇಟ್ಟಿದ್ದು ಅಲ್ಲಿ ಅಂತ ಹೇಳುತ್ತಾರೆ. ನೀವೂ ಅಲ್ಲಿಂದಲೇ ತೆಗೆಯಿರಿ" ಅಂದರು. ಫ್ಲ್ಯಾಶ್ ಇಲ್ಲದಿದ್ದರೆ ಅಡ್ಡಿಯಿಲ್ಲ. ನಾನು ಬೆನ್ನು ಅಟ್ಟಕ್ಕೆ ಆನಿಸಿ, ಉಸಿರು ಹಿಡಿದು, ನಾಲ್ಕು ತೆಗೆದೆ.

ಹೋಟೆಲಿನಲ್ಲಿ, ಮತ್ತು ಮತ್ತೆ ಕಿಟಕಿ

ಜಾರ್ಜ್ ಇನ್ ಎಂಬ ಹಳೇ ಪಬ್ಬಿನಲ್ಲಿ ಬೆಂಕಿಗೂಡಿನ ಪಕ್ಕ ಒಂದು ಮರದ ಚಕ್ರ ಇದೆ. ಅದರೊಳಗೆ ನಾಯಿಯನ್ನು ಓಡಿಸಿ, ಬೆಂಕಿಯ ಮೇಲಿನ ಮಾಂಸದ ಸಲಾಕೆ ತಿರುಗಿಸುತ್ತಿದ್ದರಂತೆ. ಬೇಯುವ ವಾಸನೆ ಪೂರ್ತಿ ನಾಯಿಗೆ, ತುಂಡು ಯಜಮಾನನಿಗೆ. ಚಹಾ ಕುಡಿದದ್ದು ಬೇರೊಂದು ಕಡೆ. ಸ್ಕೋನ್ ಅಂತ ಬನ್ನಿನ ಹಾಗಿರುವುದನ್ನು ಸೀಳಿ, ಬೆಣ್ಣೆಯಷ್ಟು ಗಟ್ಟಿಯಾದ ಕೆನೆ ಮತ್ತು ಜಾಮ್ ಮೆತ್ತಿಕೊಂಡು ತಿನ್ನುತ್ತಾರೆ. ಮೊಟ್ಟೆ ತಿನ್ನದವರು ಕೇಳಿಕೊಳ್ಳಿ, ಕೆಲವು ಕಡೆ ಹಾಕಿರುತ್ತಾರೆ. ನಾವು ಕೇಳಿದಾಗ ಹುಡುಗ "ಇಲ್ಲ" ಅಂದ, ತಿಂದು ಮುಗಿಸಿದ ಮೇಲೆ ಬಂದು "ಇದೆಯಂತೆ, ಕ್ಷಮಿಸಿ" ಅಂದ. ನನ್ನ ಹೆಂಡತಿ ಒಂದು ಕ್ಷಣ ಸುಮ್ಮನಿದ್ದು, ನೀರು ಕುಡಿದು, "ಕೆನೆ ಚೆನ್ನಾಗಿತ್ತು" ಅಂದಳು.

ಅಲ್ಲೇ ಕೂತು ಸುಮ್ನೆ ಕ್ಯಾಮೆರಾ ತಿರುಗಿಸುತ್ತಿದ್ದೆ. ಲಿವರ್ ಎಳೆದೆ. ಕೌಂಟರ್ 34 ತೋರಿಸುತ್ತಿತ್ತು. ಒಳಗೆ ಫಿಲ್ಮ್ ಸರಿದರೆ ಎಡಗಡೆಯ ರಿವೈಂಡ್ ನಾಬ್ ತಿರುಗಬೇಕು, ತಿರುಗಲಿಲ್ಲ. ಇನ್ನೊಮ್ಮೆ ಎಳೆದೆ. ಇಲ್ಲ.

ಫಿಲ್ಮ್ ಹಾಕುವ ಕೆಲಸ ಗೊತ್ತಿರುವವರಿಗೆ ಇಷ್ಟು ಸಾಕು. ಫಿಲ್ಮಿನ ತುದಿ ಸ್ಪೂಲಿಗೆ ಸಿಕ್ಕೇ ಇರಲಿಲ್ಲ. ಬೆಳಿಗ್ಗೆಯಿಂದ ನಾನು ಖಾಲಿ ಕ್ಯಾಮೆರಾ ಕ್ಲಿಕ್ಕಿಸುತ್ತಾ ತಿರುಗಿದ್ದೆ. ಬಾಗಿದ ಮನೆ, ಅಜ್ಜ, ಪಡಸಾಲೆಯ ಬೆಳಕು, ಕಿಟಕಿ, ಒಂದೂ ಇಲ್ಲ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗರು ಈ ತಪ್ಪು ಮಾಡಿದರೆ ಅಪ್ಪ ತಲೆಗೆ ಮೊಟಕುತ್ತಿದ್ದ. ನಾನೂ ಮೊಟಕಿದ್ದೇನೆ. ಅಳಿಯ ಸಮಾಧಾನ ಹೇಳಲು ಹೋದರು, ಮಗಳು ಕಣ್ಣಲ್ಲೇ ಬೇಡ ಅಂದಳು. ಮೊಮ್ಮಗ ಮಾತ್ರ, "ನಾನು ಹಾಕ್ತೀನಿ ಅಂದೆ ಅಲ್ವಾ ತಾತಾ" ಅಂದ.

ಒಂದು ಸಮಾಧಾನ, ರೋಲ್ ಕೆಟ್ಟಿರಲಿಲ್ಲ, ಸುರುಳಿ ಇದ್ದ ಹಾಗೇ ಇತ್ತು. ಸರಿಯಾಗಿ ಹಾಕಿ, ನಾಬ್ ತಿರುಗುವುದನ್ನು ಎರಡು ಸಲ ನೋಡಿಕೊಂಡು, ಬಂಗಲೆಯ ಕಡೆ ಓಡಿದೆ. ಅರವತ್ತಮೂರು ವರ್ಷಕ್ಕೆ ಓಡುವುದು ಅಂದರೆ ಎಷ್ಟು ಓಟ ಅಂತ ಅಂದಾಜು ಮಾಡಿಕೊಳ್ಳಿ. ಕೋಣೆಗಳನ್ನು ಮುಚ್ಚಲು ಕಾಲು ಗಂಟೆ ಇತ್ತು. ಅದೇ ಸ್ವಯಂಸೇವಕಿ ಇದ್ದರು. ಕ್ಯಾಮೆರಾ ತೋರಿಸಿ, ಕೈಸನ್ನೆಯಲ್ಲಿ ನಡೆದದ್ದು ಹೇಳಿದೆ. ಅವರು ನಗಲಿಲ್ಲ. ಎದುರಿಗಿದ್ದ ಇಬ್ಬರನ್ನು ಪಕ್ಕಕ್ಕೆ ಸರಿಯಲು ಕೇಳಿ, ತಾವೂ ಸರಿದು ನಿಂತರು. ಮೋಡ ಕವಿದು ಬೆಳಕು ಇಳಿದಿತ್ತು. ಶಟರ್ ಹದಿನೈದಕ್ಕೆ, ಅಂದರೆ ಸೆಕೆಂಡಿನ ಹದಿನೈದನೇ ಒಂದು ಭಾಗಕ್ಕೆ ಇಳಿಸಬೇಕಾಯಿತು. ಏದುಸಿರು ಬೇರೆ. ಕೈ ನಡುಗಿರುತ್ತದೆ, ಖಂಡಿತ.

ಸಂಜೆ ವಾಪಸ್ ಬರುವಾಗ ನಾಲ್ಕನೇ ಮಳೆ. ಹುಡುಗ ಒದ್ದೆ ಶೂ ಬಿಚ್ಚಿ ನನ್ನ ತೊಡೆಯ ಮೇಲೆ ಕಾಲು ಹಾಕಿ ಮಲಗಿದ.

ಈಗ ಹೊಸಪೇಟೆಗೆ ಬಂದು ಎರಡು ವಾರ ಆಯಿತು. ರೋಲ್ ಇನ್ನೂ ಫ್ರಿಜ್ಜಿನಲ್ಲಿದೆ, ಪ್ಲಮ್ ಜಾಮ್ ಪಕ್ಕ. ಡೆವಲಪರ್ ಬೆಂಗಳೂರಿನಿಂದ ತರಿಸಿದ್ದೇನೆ. ಡೆವಲಪ್ ಮಾಡುವ ಟ್ಯಾಂಕ್ ಅಟ್ಟದ ಮೇಲೆ ಸಿಕ್ಕಿತು, ಎನ್ಲಾರ್ಜರ್ ಒರೆಸಿ ಇಟ್ಟಿದ್ದೇನೆ. ಪ್ರಿಂಟ್ ತೊಳೆಯುವ ಟ್ರೇಗಳು ಎಲ್ಲಿ ಅಂತ ಹುಡುಕಿದರೆ ಮಾಳಿಗೆ ಮೇಲೆ ಬಿಸಿಲಿನಲ್ಲಿವೆ, ಮೂರೂ. ಕೇಳಿದ್ದಕ್ಕೆ, "ಸಂಡಿಗೆ ಒಣಗಲಿ ತಾಳಿ" ಅಂದಿದ್ದಾಳೆ ಹೆಂಡತಿ.